ಇನ್ನೊಂದೇ ಒಂದು ಕಡುಬು

ಮಲೆನಾಡಿನ ಮುತ್ತಿನಕೊಪ್ಪದ ಸುತ್ತಮುತ್ತ ತಕ್ಕಡಿಗೆ ಬರವಿಲ್ಲ. ಅಡಿಕೆ ಕೊಳ್ಳುವಲ್ಲಿ ತಕ್ಕಡಿ, ಶುಂಠಿ ತುಂಬುವಲ್ಲಿ ತಕ್ಕಡಿ, ರಬ್ಬರ್ ಶೀಟು ಹಾಕುವಲ್ಲಿ ತಕ್ಕಡಿ, ನ್ಯಾಯಬೆಲೆ ಅಂಗಡಿಯಲ್ಲಿ ಊರಿಗೆಲ್ಲ ಅನುಮಾನ ಇರುವ ಇನ್ನೊಂದು ತಕ್ಕಡಿ. ಮನುಷ್ಯ ಹತ್ತಿ ನಿಲ್ಲುವುದನ್ನು ಮಾತ್ರ ಆಸ್ಪತ್ರೆಗೆ ಹೋದಾಗಲೇ ನೋಡಬೇಕು. ಅದಕ್ಕೆ ಕಾರಣವೂ ಇದೆ. ಈ ಸೀಮೆಯಲ್ಲಿ ತೂಕ ಇಳಿದು ಯಾರೂ ಉದ್ಧಾರವಾದ ದಾಖಲೆಯಿಲ್ಲ. ಹಸಿ ಕಾಳುಮೆಣಸು ಒಣಗಿದರೆ ಉಳಿಯುವುದು ಮೂರರಲ್ಲೊಂದು ಪಾಲು. ಶುಂಠಿ ಕಿತ್ತು ನಾಲ್ಕು ದಿನ ಕೂತರೆ ಬಾಡಿತು. ಅಡಿಕೆ ಹಿಡಿದುಕೊಂಡು ಹೋದರೆ ಕೊಳ್ಳುವವನು ಕೈಯಾಡಿಸಿ "ಇನ್ನೂ ಸ್ವಲ್ಪ ತೇವ ಉಂಟಲ್ಲ" ಎಂದು ಒಂದೆರಡು ಕೇಜಿ ಹೊಡೆದೇ ಬರೆದುಕೊಳ್ಳುತ್ತಾನೆ. ಅಜ್ಜನ ಕಾಲದಿಂದ ತೂಕ ಕಳೆದುಕೊಂಡೇ ಸೋತ ಜನಕ್ಕೆ ಒಬ್ಬ ಡಾಕ್ಟರು ಬಂದು "ಎಂಟು ಕೇಜಿ ಇಳಿಸಿ, ಒಳ್ಳೆಯದಾಗುತ್ತೆ" ಎಂದರೆ ನಂಬುವುದು ಹೇಗೆ?

ಆದರೂ ನಂಬುತ್ತಾರೆ. ರಕ್ತದ ವರದಿ ಕೈಗೆ ಬಂದ ಸಂಜೆ ನಂಬಿಕೆ ಬಹಳ ಗಟ್ಟಿಯಾಗಿರುತ್ತದೆ. ಶಿವಮೊಗ್ಗದಿಂದ ವಾಪಸು ಬರುವಾಗ ಬೂಟು ಬರುತ್ತದೆ, ಓಟ್ಸ್ ಬರುತ್ತದೆ, ಗ್ರೀನ್ ಟೀ ಬರುತ್ತದೆ. ಸೋಮವಾರದಿಂದ ಶುರು. ಡಯಟ್ಟಿಗೆ ಸೋಮವಾರವೇ ಮುಹೂರ್ತವಾಗಿರುವುದು ಭಾನುವಾರ ಕೋಳಿ ಇರುವುದರಿಂದ. ಬೂಟು ಮಳೆಗಾಲ ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ, ಓಟ್ಸು ಹಟ್ಟಿ ಸೇರುತ್ತದೆ, ಗ್ರೀನ್ ಟೀ ನೆಂಟರಿಗೆ ತೋರಿಸಲು ಕಪಾಟಿನಲ್ಲಿ ಉಳಿಯುತ್ತದೆ.

ಆಗ ಪೇಟೆಯ ತಜ್ಞರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ: ನಿಮಗೆ ಮೋಟಿವೇಶನ್ ಸಾಲದು.

ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಮೋಟಿವೇಶನ್ ಈಗ ಬಿಟ್ಟಿಯಾಗಿ ಸಿಗುವ ಒಂದೇ ಪದಾರ್ಥ. ಬೆಳಗಿನ ಜಾವ ಫೋನಿಗೆ ಉದಯಿಸುವ ಸೂರ್ಯ, ಹಾರುವ ಹದ್ದು, ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಹುಡುಗ. ಕಳಿಸಿದವರು ಹಾಸಿಗೆಯಲ್ಲೇ ಮಲಗಿ ಕಳಿಸಿರುತ್ತಾರೆ, ನೋಡುವವರೂ ಮಲಗಿಯೇ ನೋಡುತ್ತಾರೆ. ಮೂರು ತಿಂಗಳಲ್ಲಿ ಹೊಟ್ಟೆ ಮಾಯ ಮಾಡುವ ಪುಡಿಯ ಡಬ್ಬಿ ಹಿಡಿದ ನೆಂಟರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇದ್ದಾರೆ. ಡಬ್ಬಿ ಮಾರುವುದರಲ್ಲಿ ಅವರಿಗೆ ಇರುವ ಉತ್ಸಾಹ ಕುಡಿಯುವುದರಲ್ಲಿ ಕಾಣುವುದಿಲ್ಲ.

ದಿಲ್ಲಿಯೂ ಹಿಂದೆ ಬಿದ್ದಿಲ್ಲ. 2025ರ ಫೆಬ್ರವರಿಯ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಗಳು ಅಡುಗೆ ಎಣ್ಣೆಯನ್ನು ಶೇಕಡಾ 10ರಷ್ಟು ಕಡಿಮೆ ಮಾಡಿ ಎಂದರು. ಮರುದಿನ ಹತ್ತು ಗಣ್ಯರನ್ನು ಹೆಸರಿಸಿ, ನೀವು ಮತ್ತೆ ಹತ್ತು ಜನಕ್ಕೆ ಸವಾಲು ಹಾಕಿ ಎಂದರು. ನಮ್ಮ ಕಡೆಯಿಂದ ನಂದನ್ ನಿಲೇಕಣಿ, ಸುಧಾ ಮೂರ್ತಿ ಆ ಪಟ್ಟಿಯಲ್ಲಿದ್ದರು. ಹತ್ತರಿಂದ ನೂರು, ನೂರರಿಂದ ಸಾವಿರ ಎಂದು ಲೆಕ್ಕ ಹಾಕಿದರೆ ಮುತ್ತಿನಕೊಪ್ಪಕ್ಕೆ ಸವಾಲು ಯಾವತ್ತೋ ತಲುಪಬೇಕಿತ್ತು. ದಾರಿಯಲ್ಲಿ ಎಲ್ಲೋ ಬೋಂಡಾ ತಿನ್ನಲು ನಿಂತಿರಬೇಕು. ಅದೇ ವರ್ಷದ ಜುಲೈಯಲ್ಲಿ ಸಮೋಸಾ, ಜಿಲೇಬಿಗೂ ಸಿಗರೇಟಿನ ಹಾಗೆ ಎಚ್ಚರಿಕೆಯ ಬೋರ್ಡು ಬರುತ್ತದೆಂದು ಟಿವಿಗಳು ಕೂಗಿದವು. ಅಂಗಡಿಗಳ ತಿಂಡಿಗೆ ಅಂಥ ಚೀಟಿ ಅಂಟಿಸುವುದಿಲ್ಲ, ಕಚೇರಿಗಳಲ್ಲಿ ತಿಳುವಳಿಕೆಯ ಫಲಕ ಹಾಕಿ ಎಂದಿದ್ದಷ್ಟೇ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ನಮ್ಮಲ್ಲಿ ಯಾರೂ ಹೆದರಿರಲಿಲ್ಲ. ಗೋಳಿಬಜೆ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸಿನ ಹೆಸರು ಆ ಸುದ್ದಿಯಲ್ಲಿ ಇರಲಿಲ್ಲವಲ್ಲ.

ಇಷ್ಟೂ ಸಾಲದೆಂದು ತೂಕ ಇಳಿಸುವ ಚುಚ್ಚುಮದ್ದು ಬಂದಿದೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಭಾರತದ ಪೇಟೆಗೆ ಇಳಿದವು. ಬರುವಾಗ ಮೌಂಜಾರೊದ ಸಣ್ಣ ಡೋಸಿನ ಒಂದು ಸೀಸೆಗೆ 3,500 ರೂಪಾಯಿ. ವಾರಕ್ಕೊಂದು ಚುಚ್ಚಬೇಕು, ಆಗ ತಿಂಗಳಿಗೆ 14,000 ಆಗುತ್ತಿತ್ತು. ಹಸಿವು ನಿಜಕ್ಕೂ ತಗ್ಗುತ್ತದೆ, ತೂಕ ನಿಜಕ್ಕೂ ಇಳಿಯುತ್ತದೆ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ಹೋದದ್ದರ ಬಹುಪಾಲು ವಾಪಸು ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆದ ಹಾಗೆ: ಮಳೆ ನಿಲ್ಲದಿದ್ದರೆ ಮತ್ತೆ ಹೊಡೆಯಬೇಕು. ನಮ್ಮವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಮತ್ತು ಅಷ್ಟೇ ತಕ್ಷಣ "ಅದಕ್ಕಿಂತ ಮರಕ್ಕೇ ಹೊಡೆದರೆ ಫಸಲಾದರೂ ಬರುತ್ತೆ" ಎಂದು ತೀರ್ಮಾನವಾಗುತ್ತದೆ.

ಅಂತೂ ಉತ್ತೇಜನಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೆಲಸಕ್ಕೆ. ಕೆಲಸ ಹೋಯಿತು, ಊಟ ಉಳಿಯಿತು. ಇಡೀ ರೋಗದ ಚರಿತ್ರೆ ಇಷ್ಟೇ.

ಕಡುಬು ಯಾರಿಗೋಸ್ಕರ ಹುಟ್ಟಿತು ಎಂದು ಸ್ವಲ್ಪ ಯೋಚಿಸಿ. ಗೊರಬು ಹೊದ್ದು ಆಷಾಢದ ಮಳೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಬಾಗಿ ಸಸಿ ನೆಟ್ಟವರಿಗೆ. ಗುಡ್ಡದಿಂದ ಸೊಪ್ಪಿನ ಹೊರೆ ತಲೆಯ ಮೇಲೆ ತಂದವರಿಗೆ. ಭತ್ತ ಕುಟ್ಟಿ, ಬಾವಿಯಿಂದ ನೀರು ಸೇದಿ, ರುಬ್ಬುಗುಂಡು ತಿರುಗಿಸಿದವರಿಗೆ. ಕುವೆಂಪು ಹುಟ್ಟಿದ್ದು ಪಕ್ಕದ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಗುಡ್ಡ ಹಳ್ಳ ಕಾಡು ಎನ್ನದೆ ನಡೆದ ನಡಿಗೆಯನ್ನು ಇಂದಿನ ಯಾವ ಕೈಗಡಿಯಾರವೂ ಎಣಿಸಿ ಮುಗಿಸಲಾರದು. ಹೆಣ್ಣು ತರುವುದಕ್ಕೂ ನಡೆಯಬೇಕಿದ್ದ ಕಾಲ ಅದು. ಆ ಗುತ್ತಿ ಎಂಟು ಕಡುಬು ತಿಂದಿದ್ದರೆ ಯಾರೂ ಲೆಕ್ಕ ಇಡಬೇಕಾಗಿರಲಿಲ್ಲ.

ಈಗ ಗದ್ದೆ ತೋಟವಾಗಿದೆ, ಗೊರಬು ಹೋಂಸ್ಟೇ ಗೋಡೆಗೆ ಅಲಂಕಾರವಾಗಿದೆ. ಮರ ಹತ್ತಬೇಕಿಲ್ಲ, ಕೆಳಗೆ ನಿಂತು ಕೊನೆ ಇಳಿಸಲು ಕಾರ್ಬನ್ ಫೈಬರ್ ದೋಟಿ ಇದೆ. ಕಳೆ ಕೊಚ್ಚಲು ಯಂತ್ರ, ಅಡಿಕೆ ಸುಲಿಯಲು ಯಂತ್ರ, ಚರಂಡಿಗೆ ಜೆಸಿಬಿ, ಹಿಟ್ಟಿಗೆ ಗ್ರೈಂಡರ್. ಆ ಯಂತ್ರಗಳನ್ನು ಹಿಡಿಯುವುದೂ ಯಜಮಾನರಲ್ಲ, ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಹುಡುಗ. ಯಜಮಾನರು ಬೈಕಿನಲ್ಲಿ ತೋಟದ ಬಾಗಿಲವರೆಗೆ ಹೋಗಿ, ಫೋನಿನಲ್ಲಿ ಅಡಿಕೆ ಧಾರಣೆ ನೋಡಿ, ಬೈಕು ತಿರುಗಿಸಿ ಬರುತ್ತಾರೆ. "ತೋಟಕ್ಕೆ ಹೋಗಿ ಬಂದೆ, ಹಸಿವಾಯ್ತು" ಎಂದು ಕೂತರೆ ತಟ್ಟೆಗೆ ಬೀಳುವುದು ಮಾತ್ರ ಗುತ್ತಿಯ ಪಾಲು. ಅತ್ತ ಆ ಅಸ್ಸಾಮಿನ ಹುಡುಗ ಅದೇ ಅನ್ನ ಮೂರು ಹೊತ್ತು ತಿಂದು ಹಂಚಿಕಡ್ಡಿಯಾಗಿಯೇ ಇದ್ದಾನೆ. ಅವನಿಗೆ ಯಾರೂ ಹದ್ದಿನ ವಿಡಿಯೊ ಕಳಿಸಿದ ಹಾಗಿಲ್ಲ.

ಇದು ಬರೀ ನಮ್ಮೂರಿನ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇಕಡಾ 23, ಗಂಡಸರಲ್ಲಿ 22 ಜನ ಮಿತಿಮೀರಿದ ತೂಕದವರಿದ್ದರು. ಮುಂದಿನ ಸಮೀಕ್ಷೆಯ ಹೊತ್ತಿಗೆ, ಎಂದರೆ 2019ರಲ್ಲಿ, ಎರಡೂ ಕಡೆ 30 ದಾಟಿತು. ನಾಲ್ಕೇ ವರ್ಷದಲ್ಲಿ ಇಡೀ ರಾಜ್ಯದ ಮನೋಬಲ ಒಟ್ಟಿಗೆ ಕುಸಿದುಬಿತ್ತೆಂದು ನಂಬುವವರು ನಂಬಲಿ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಸಕ್ಕರೆ ಕಾಯಿಲೆಯವರು, ಬಾಗಿಲಲ್ಲಿ ನಿಂತವರು ಇನ್ನೂ 13.6 ಕೋಟಿ ಎಂದು ಲೆಕ್ಕ ಕೊಟ್ಟಿತು.

ಕೆಲಸ ಹೋದರೆ ನಡೆಯಿರಿ ಎನ್ನುತ್ತಾರೆ ಡಾಕ್ಟರು. ಡಾಕ್ಟರು ಸಾಮಾನ್ಯವಾಗಿ ಬಯಲುಸೀಮೆಯವರಾಗಿರುತ್ತಾರೆ. ಮಲೆನಾಡಿನಲ್ಲಿ ನಡೆಯಲು ಯಾವ ತಿಂಗಳು ಒಳ್ಳೆಯದು ಎಂದು ನಮ್ಮವರನ್ನು ಕೇಳಿ ನೋಡಿ. ಜೂನಿನಿಂದ ಸೆಪ್ಟೆಂಬರ್ ಮಳೆ, ಮಳೆಯ ಜೊತೆ ಇಂಬಳ. ಅಕ್ಟೋಬರಿನಿಂದ ಕೊಯ್ಲು, ಪುರುಸೊತ್ತಿಲ್ಲ. ಡಿಸೆಂಬರಿನಲ್ಲಿ ಚಳಿ, ಮಂಜು. ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ, ಉಣುಗು ಕಚ್ಚೀತು. ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತದೆ. ಮಲೆನಾಡಿನಲ್ಲಿ ಹೆಚ್ಚು ಬಳಸಿ ಎಂದು ಸರ್ಕಾರ ಹೇಳುವ ಒಂದೇ ಎಣ್ಣೆ ಅದು, ಅದನ್ನು ಮಾತ್ರ ಯಾರೂ ಬಳಸುವುದಿಲ್ಲ. ಇನ್ನು ಭದ್ರಾ ಕಾಡಿನ ಅಂಚಿನ ಊರುಗಳಿಗೆ ಹನ್ನೆರಡು ತಿಂಗಳೂ ಆನೆ. ಆನೆಯ ಭಯ ಸುಳ್ಳಲ್ಲ. ಕೂಲಿಗೆ ಹೋಗುವ ಹೆಂಗಸರು ಆ ಭಯ ಹೊತ್ತುಕೊಂಡೇ ಬೆಳಗ್ಗೆ ಆರಕ್ಕೆ ಮನೆ ಬಿಡುತ್ತಾರೆ. ಭಯದ ಪೂರ್ಣ ಲಾಭ ಪಡೆಯುವುದು ಮಾತ್ರ ಜಗಲಿಯಲ್ಲಿ ಕೂತವರು. ಅದೇ ಜನ ಅಣಬೆ ಎದ್ದಿದೆ ಎಂಬ ಸುದ್ದಿ ಬಂದರೆ ಆನೆ, ಇಂಬಳ, ಉಣುಗು ಎಲ್ಲದರ ನಡುವೆ ಬರಿಗಾಲಲ್ಲಿ ಗುಡ್ಡ ಹತ್ತಿರುತ್ತಾರೆ.

ದೇಹ ಎಚ್ಚರಿಕೆ ಕೊಡುವುದಿಲ್ಲವೇ? ಕೊಡುತ್ತದೆ, ಪ್ಯಾಂಟು ಹಾಕುವವರಿಗೆ. ಪಂಚೆಗೆ ಗುಂಡಿಯಿಲ್ಲ. ನೈಟಿಗೆ ಸೊಂಟವೇ ಇಲ್ಲ. ಭಾರತೀಯ ಗಂಡಸಿನ ಸೊಂಟ 90 ಸೆಂಟಿಮೀಟರ್, ಹೆಂಗಸಿನದು 80 ದಾಟಿದರೆ ಅಪಾಯ ಎಂದು ವೈದ್ಯರು ಗೆರೆ ಎಳೆದಿದ್ದಾರೆ. ಪಂಚೆ ಆ ಗೆರೆಯನ್ನು ಸದ್ದಿಲ್ಲದೆ ದಾಟಿಸಿ ಆಚೆ ಬಿಡುತ್ತದೆ. ವರ್ಷಕ್ಕೊಮ್ಮೆ ಮದುವೆಗೆಂದು ಹಳೇ ಪ್ಯಾಂಟು ತೆಗೆದಾಗ, ಅದು ಪೆಟ್ಟಿಗೆಯೊಳಗೇ ಕುಗ್ಗಿದೆ ಎಂದು ಮನೆಯವರೆಲ್ಲ ಒಪ್ಪಿಕೊಳ್ಳುತ್ತಾರೆ.

ಮನೆಯವರ ಮಾತು ಬಂತು. ಗಂಡಸರ ಡಯಟ್ ಎಂದರೆ ಹೆಂಗಸರಿಗೆ ಎರಡನೇ ಅಡುಗೆ. ಯಜಮಾನರಿಗೆ ರಾತ್ರಿ ಅನ್ನ ಬೇಡ, ಚಪಾತಿ ಆಗಬೇಕು. ಚಪಾತಿ ಬಿಸಿ ಇರಬೇಕು. ಬೆಳಗ್ಗೆ ಸೌತೆಕಾಯಿ ಹೆಚ್ಚಿಡಬೇಕು, ಮೊಳಕೆಕಾಳು ಕಟ್ಟಬೇಕು, ಮೆಂತ್ಯದ ನೀರು ನೆನೆಹಾಕಬೇಕು, ಮತ್ತು ಮಕ್ಕಳಿಗೆ, ಅತ್ತೆಮಾವನಿಗೆ, ಕೆಲಸದವರಿಗೆ ಎಂದಿನಂತೆ ಕಡುಬು, ರೊಟ್ಟಿ ಆಗಲೇಬೇಕು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯದ ವರ್ಷ ಎಂದು ಸಾರಿದ ಮೇಲೆ ಇವರ ಮನೆಗೆ ನವಣೆಯೂ ಬಂದಿತು. ಅನ್ನ ಮಾತ್ರ ಬೇಯಿಸಿ ಗೊತ್ತಿರುವ ಮಲೆನಾಡಿನ ಅಡುಗೆಮನೆಯಲ್ಲಿ ಆ ನವಣೆಗೆ ನೀರಿನ ಹದ ಕಂಡುಹಿಡಿಯುವ ಸಂಶೋಧನೆಯೂ ಹೆಂಡತಿಯ ತಲೆಗೇ. ಯಜಮಾನರು ಒಂದು ತುತ್ತು ತಿಂದು "ಇದನ್ನು ಮನುಷ್ಯರು ತಿಂತಾರಾ?" ಎನ್ನುತ್ತಾರೆ. ಉಳಿದದ್ದು ಹಾಳಾಗಬಾರದೆಂದು ಅವಳು ತಿನ್ನುತ್ತಾಳೆ. ಮಕ್ಕಳು ಬಿಟ್ಟ ರೊಟ್ಟಿ, ನೆಂಟರು ಬಿಟ್ಟ ಪಾಯಸ, ನಿನ್ನೆಯ ಸಾರು, ಎಲ್ಲ ಅವಳ ಪಾಲಿಗೆ. ವರ್ಷದ ಕೊನೆಗೆ ತಕ್ಕಡಿ ಹತ್ತಿ ನಿಂತಾಗ ಇಬ್ಬರಿಗೂ ತೂಕ ಏರಿರುತ್ತದೆ. ಮೋಟಿವೇಶನ್ ಇಲ್ಲದವಳು ಎಂಬ ಬಿರುದು ಮಾತ್ರ ಅವಳಿಗೆ ಸಿಗುತ್ತದೆ.

ಉಪವಾಸವಾದರೂ ಉಂಟಲ್ಲ ಎಂದು ಯಾರೋ ಹಿರಿಯರು ಕೇಳಬಹುದು. ಉಂಟು. ಏಕಾದಶಿಗೆ ಅನ್ನ ವರ್ಜ್ಯ. ಆದ್ದರಿಂದ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅವಲಕ್ಕಿ ಮೊಸರು, ಸಂಜೆ ಬಾಳೆಹಣ್ಣಿನ ರಸಾಯನ, ರಾತ್ರಿಗೆ ಗೋಧಿ ದೋಸೆ. ದೇವರು ಅನ್ನವನ್ನೊಂದೇ ಹೆಸರಿಸಿದ್ದು ಭಕ್ತರ ಪುಣ್ಯ. ನಿಜವಾದ ಮಾದರಿ ನರಸಿಂಹರಾಜಪುರದಲ್ಲೇ, ಸಿಂಹನಗದ್ದೆ ಬಸದಿಯಲ್ಲಿ ಇದೆ. ಜ್ವಾಲಾಮಾಲಿನಿಯ ದರ್ಶನಕ್ಕೆ ಅಲ್ಲಿಗೆ ಬರುವ ಜೈನರಲ್ಲಿ ವ್ರತ ಪಾಲಿಸುವವರು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತಾರೆ, ಶತಮಾನಗಳಿಂದ. ಇದೇ ಪದ್ಧತಿಗೆ ಈಗ ಬೆಂಗಳೂರಿನಲ್ಲಿ ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂದು ಹೆಸರಿಟ್ಟು, ಆ್ಯಪ್ ಮಾಡಿ, ತಿಂಗಳ ಚಂದಾ ವಸೂಲು ಮಾಡುತ್ತಿದ್ದಾರೆ. ನಮ್ಮವರು ಆ್ಯಪ್ ಹಾಕಿಕೊಂಡರು. ಅದು ರಾತ್ರಿ ಒಂಬತ್ತೂವರೆಗೆ "ನಿಮ್ಮ ಉಪವಾಸ ಶುರುವಾಗಿ ಎರಡು ತಾಸಾಯಿತು, ಭೇಷ್" ಎನ್ನುವಾಗ ಇವರ ಎಲೆಗೆ ಎರಡನೇ ಸಲ ಸಾರು ಬೀಳುತ್ತಿರುತ್ತದೆ.

ಸಾರು ಇವರೇ ಕೇಳಿ ಹಾಕಿಸಿಕೊಂಡದ್ದಲ್ಲ. ನೆಂಟರ ಮನೆಗೆ ಹೋದಾಗ ಅವರು ಹಾಕಿದರು. ಮುಖ್ಯ ವಿಷಯ ಇಲ್ಲಿದೆ.

ನಮ್ಮ ಸೀಮೆಯಲ್ಲಿ ಬೇಡ ಎನ್ನುವುದಕ್ಕೆ ಬೆಲೆಯಿಲ್ಲ. ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಯ ಊಟ, ಹೊರನಾಡಿನಲ್ಲಿ ಅನ್ನಪೂರ್ಣೆಯ ಊಟ. ಯಾತ್ರಿಕರು ಹಸಿದು ಹೋಗಬಾರದೆಂಬುದು ಈ ಮಣ್ಣಿನ ದೊಡ್ಡ ಗುಣ. ದೇವಸ್ಥಾನಗಳಲ್ಲಾದರೂ ಕೈ ಅಡ್ಡ ಹಿಡಿದರೆ ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ. ಮನೆಗಳಲ್ಲಿ ಹೋಗುವುದಿಲ್ಲ. ಎರಡೂ ಕೈ ಎಲೆಯ ಮೇಲೆ ಚಾಚಿದವರ ಬೆರಳ ಸಂದಿಯಿಂದ ಪಾಯಸ ಇಳಿಸುವ ಕೈಚಳಕದವರು ಊರಿಗೊಬ್ಬರಿದ್ದಾರೆ, ಅವರಿಗೆ ಅದರಿಂದ ದೊಡ್ಡ ಹೆಸರೂ ಇದೆ.

"ಇನ್ನೊಂದೇ ಒಂದು ಕಡುಬು ಹಾಕಿಕೊಳ್ಳಿ ಮಾರಾಯ್ರೆ."

"ಬೇಡ ಅಕ್ಕ, ಡಾಕ್ಟರು ಬೇಡ ಅಂದಿದ್ದಾರೆ."

"ಡಾಕ್ಟರು ಹೋಟೆಲಿಂದು ಬೇಡ ಅಂದಿರ್ತಾರೆ. ಇದು ಮನೆದು. ಎಂಥ ಆಗಲ್ಲ."

"ಹೋಳಿಗೆ ಸಾಕು, ಶುಗರ್ ಇದೆ."

"ಇದಕ್ಕೆ ಸಕ್ಕರೆ ಹಾಕೇ ಇಲ್ಲ, ಬೆಲ್ಲ! ತುಪ್ಪವೂ ಮನೆದೇ."

ಬೆಲ್ಲ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ತಿಳಿಯುವುದಿಲ್ಲ. ಮನೆಯ ತುಪ್ಪದಲ್ಲೂ ಅಂಗಡಿಯ ಎಣ್ಣೆಯಲ್ಲೂ ಗ್ರಾಮಿಗೆ ಅದೇ ಒಂಬತ್ತು ಕ್ಯಾಲೊರಿ. ಇದನ್ನು ಪಂಕ್ತಿಯಲ್ಲಿ ಕೂತು ಹೇಳಿದವರನ್ನು ಮುಂದಿನ ಸಲ ಊಟಕ್ಕೆ ಕರೆಯುವುದಿಲ್ಲ. ಮದುವೆ ಕರೆಯಲು ಹೊರಟವರ ಪಾಡು ಇನ್ನೂ ಕಷ್ಟ. ಕರೆಯೋಲೆ ಕೊಟ್ಟ ಪ್ರತಿ ಮನೆಯಲ್ಲೂ ಕಾಫಿ ಕುಡಿಯಲೇಬೇಕು; ಒಬ್ಬರ ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಬಿಟ್ಟರೆ ಆ ಮನೆಯವರು ಮದುವೆಗೆ ಬರುವುದಿಲ್ಲ. ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು ಹತ್ತು ಗ್ರಾಂ ಸಕ್ಕರೆ. ದಿನಕ್ಕೆ 50 ಗ್ರಾಂ ಒಳಗಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮದುಮಗನ ಅಪ್ಪ ಆರನೇ ಮನೆಯ ಹೊತ್ತಿಗೇ ಆ ಸಂಸ್ಥೆಯನ್ನು ದಾಟಿ ಹೋಗಿರುತ್ತಾನೆ, ಜೊತೆಗೆ ಕೊಟ್ಟ ಕೋಡುಬಳೆಯ ಲೆಕ್ಕ ಬೇರೆ.

ಇಷ್ಟೆಲ್ಲ ಗೆದ್ದು ಯಾರಾದರೂ ತೂಕ ಇಳಿಸಿದರು ಎನ್ನಿ. ಈ ಕಡೆಯ ಒಬ್ಬ ತೋಟದ ಯಜಮಾನರು ನಿಜಕ್ಕೂ ಇಳಿಸಿದರು. ಸಕ್ಕರೆ ಬಿಟ್ಟರು, ರಾತ್ರಿ ಬೇಗ ಉಂಡರು, ಬೈಕು ಬಿಟ್ಟು ತೋಟಕ್ಕೆ ನಡೆದರು. ಕೆನ್ನೆ ಒಳಗೆ ಹೋಯಿತು, ಕಣ್ಣು ಚುರುಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಸಿಕ್ಕವರು ಕೇಳಿದ್ದು: "ಎಂಥ ಮಾರಾಯ್ರೆ, ಹೀಗೆ ಬಡವಾಗಿದ್ದೀರಿ? ಶುಗರಾ?"

"ಇಲ್ಲಪ್ಪ, ನಾನೇ ಇಳಿಸಿದ್ದು."

"ನೀವೇ ಇಳಿಸಿದ್ದಾ! ಹೌದಾ..."

ಆ 'ಹೌದಾ' ಸಂಜೆಯೊಳಗೆ ಕೊಪ್ಪ ಮುಟ್ಟಿತು. ಮರುದಿನ ಒಬ್ಬರು ಮಣಿಪಾಲದ ಒಳ್ಳೆಯ ಡಾಕ್ಟರ ನಂಬರು ಕೊಟ್ಟರು. ಇನ್ನೊಬ್ಬರು ಇವರಿಲ್ಲದ ಹೊತ್ತು ನೋಡಿ ಮನೆಗೆ ಬಂದು, ಹೆಂಡತಿಯ ಕೈ ಹಿಡಿದುಕೊಂಡು "ಧೈರ್ಯವಾಗಿರಿ ಅಮ್ಮ, ಈಗೆಲ್ಲಾ ಔಷಧಿ ಉಂಟು" ಎಂದರು. ಮಗಳಿಗೆ ನೋಡಿದ್ದ ಸಂಬಂಧದವರು, ಹುಡುಗಿಯ ಅಪ್ಪನಿಗೆ ಏನೋ ಇದೆಯಂತೆ ಎಂದು ವಿಚಾರಿಸಿದರು. ಸೊಸೈಟಿ ಸಾಲ ಜಾಸ್ತಿಯಾಗಿ ಕೊರಗಿ ಹೋಗಿದ್ದಾರೆ ಎಂಬ ಪಾಠಾಂತರವೂ ಇತ್ತು. ರಕ್ತದ ವರದಿಯನ್ನು ಜೇಬಿನಲ್ಲಿಟ್ಟುಕೊಂಡು ತೋರಿಸುತ್ತ ತಿರುಗಿದರೆ ಅನುಮಾನ ಇನ್ನೂ ಹೆಚ್ಚಾಯಿತು. ಏನೂ ಇಲ್ಲದವರು ವರದಿ ಏಕೆ ಇಟ್ಟುಕೊಳ್ಳುತ್ತಾರೆ? ಕೊನೆಗೆ ಆ ಮನುಷ್ಯ, ತಾನು ಆರೋಗ್ಯವಾಗಿದ್ದೇನೆ ಎಂದು ಊರಿಗೆ ರುಜುವಾತು ಮಾಡಲು, ಮಗಳ ಮದುವೆಯ ಹೊತ್ತಿಗೆ ಮತ್ತೆ ದಪ್ಪಗಾದರು. ಈಗ ಅವರಿಗೆ ನಿಜವಾಗಿಯೂ ಶುಗರ್ ಇದೆ. ಯಾರೂ ಕೇಳುವುದಿಲ್ಲ.

ಇಂಥ ಊರಿನಲ್ಲಿ ಒಬ್ಬನ ಮನೋಬಲಕ್ಕೆ ಏನು ಮಾಡಲು ಸಾಧ್ಯ? ಇನ್ನೊಬ್ಬರ ಎಲೆಯ ಮೇಲಿನ ಅಧಿಕಾರವನ್ನು ನಾವು ಬಿಟ್ಟುಕೊಡುವವರೆಗೆ ಮೋಟಿವೇಶನ್ ಮಾರುವವರಿಗೆ ಒಳ್ಳೆಯ ವ್ಯಾಪಾರ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನೀವು ತೂಕ ಇಳಿಸದಿದ್ದರೂ ಚಿಂತೆಯಿಲ್ಲ. ನಿಮ್ಮ ಮನೆಗೆ ಬಂದವರು ಒಮ್ಮೆ ಸಾಕು ಎಂದರೆ ಸೌಟು ವಾಪಸು ಪಾತ್ರೆಗೆ ಹಾಕಿ. ಯಾರಾದರೂ ಸಣ್ಣಗಾಗಿ ಎದುರು ಸಿಕ್ಕರೆ, ಶುಗರಾ ಎಂದು ಕೇಳುವ ಮೊದಲು ಬಾಯಿಗೆ ಒಂದು ಎಲೆ ಅಡಿಕೆಯನ್ನಾದರೂ ಹಾಕಿಕೊಳ್ಳಿ, ಹೊಗೆಸೊಪ್ಪು ಬಿಟ್ಟು.